ಮುಖ ಕಾಣದಲ್ಲಿ ದಾಕ್ಷಿಣ್ಯ: ಕೊಡಗಿನ ಗ್ರೂಪ್ ಅಡ್ಮಿನ್‌ಗಳಿಗೆ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲೆಯಲ್ಲಿ ಊರು, ಸಂಘ, ಬಡಾವಣೆ, ಬೆಳೆಗಾರರ ಹೆಸರಿನಲ್ಲಿ ವಾಟ್ಸ್‌ಆ್ಯಪ್, ಫೇಸ್‌ಬುಕ್ ಗ್ರೂಪ್ ನಡೆಸುತ್ತಿರುವ ಎಲ್ಲ ಅಡ್ಮಿನ್‌ಗಳಿಗೆ,

ನಮಸ್ಕಾರ.

ನಾನು ಸುಂಟಿಕೊಪ್ಪದ ಹತ್ತಿರದ ಒಬ್ಬ ನಿವೃತ್ತ ಶಿಕ್ಷಕಿ. ಸ್ವಲ್ಪ ಕಾಫಿ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಒಂದಿಷ್ಟು ಮೆಣಸು ಇದೆ. ಹೆಸರು ಬರೆದಿಲ್ಲ. ನಮ್ಮ ಜಿಲ್ಲೆಯಲ್ಲಿ ಮನೆತನದ ಹೆಸರು ಕಂಡ ಕೂಡಲೇ ಓದುವವರು ಮೊದಲು ಜಾತಿ, ಆಮೇಲೆ ಪಕ್ಷ ಲೆಕ್ಕ ಹಾಕಿ, ಕೊನೆಗೆ ವಿಷಯಕ್ಕೆ ಬರುತ್ತಾರೆ. ಈ ಒಂದು ಪತ್ರವನ್ನಾದರೂ ನೇರ ವಿಷಯದಿಂದಲೇ ಓದಲಿ ಎಂಬ ಆಸೆ ನನ್ನದು.

ಮಳೆಗೆ ಗುಡ್ಡಗಳು ಕುಸಿದ 2018ರ ಆಗಸ್ಟ್ ಮೂರನೇ ವಾರ ನಿಮಗೆಲ್ಲ ನೆನಪಿದೆ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು. ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಗಿತ್ತು. ಕರೆಂಟ್ ಇರಲಿಲ್ಲ. ದಿಣ್ಣೆ ಹತ್ತಿ ನಿಂತರೆ ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್. ಪರಿಹಾರ ಕೇಂದ್ರವಾಗಿದ್ದ ಶಾಲೆಯ ಬೆಂಚಿನ ಮೇಲೆ ಕೂತು ನಾನೊಂದು ಗ್ರೂಪ್ ಮಾಡಿದೆ. ಮೊದಲ ದಿನ 38 ಜನ. ಬಂದ ಸಂದೇಶಗಳೆಲ್ಲ ಒಂದೊಂದು ಸಾಲಿನವು: ಇಂಥ ಕಡೆ ಹನ್ನೊಂದು ಜನ ಇದ್ದಾರೆ, ಒಬ್ಬಳು ಬಾಣಂತಿ. ಸೇತುವೆ ಈಚೆಗೆ ಜೀಪ್ ಬರುತ್ತದೆ, ಆಚೆಗೆ ಇಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಯಾರ ಹತ್ತಿರ ಇದೆ? ಅಕ್ಕಿ ಬೇಕು ಎಂದರೆ ಯಾರ ಮನೆಗೆ ಎಂದು ಯಾರೂ ಕೇಳಲಿಲ್ಲ. ಎಷ್ಟು ಜನಕ್ಕೆ ಎಂದಷ್ಟೇ ಕೇಳಿದರು. ಮಾದಾಪುರ ಕಡೆಯ ಒಬ್ಬ ಪಿಕಪ್ ಚಾಲಕರು ಮೂರು ದಿನ ಮನೆಗೆ ಹೋಗದೆ, ರಸ್ತೆ ಇದ್ದಷ್ಟು ದೂರ ಅಕ್ಕಿ, ಕಂಬಳಿ, ಮಕ್ಕಳ ಹಾಲಿನ ಪುಡಿ ಸಾಗಿಸಿದರು. ಮುಸ್ಲಿಂ ಹಿರಿಯರನ್ನು ನಮ್ಮಲ್ಲಿ ಕರೆಯುವ ಹಾಗೆ ಎಲ್ಲರೂ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು. ನಾನೂ ಹಾಗೇ ಕರೆಯುತ್ತೇನೆ.

ಅದಕ್ಕೆ ಒಂದು ತಿಂಗಳ ಹಿಂದೆ, ಜುಲೈ 13ರಂದು, ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದಿದ್ದರು. ಅವರ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಷ್ಟೇ. ಮುಂದಿನ ಊರಿನವರನ್ನು ಒಟ್ಟುಗೂಡಿಸಿದ್ದು ವಾಟ್ಸ್‌ಆ್ಯಪ್. ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದೆಂಬ ಮಿತಿ ತಂದದ್ದು ಆ ಬೇಸಿಗೆ, ಮಳೆಗಾಲದ ಇಂಥ ಸಾವುಗಳ ನಂತರ. ಒಂದೇ ಫೋನು, ಒಂದೇ ಹಸಿರು ಗುರುತು. ಬೀದರಿನಲ್ಲಿ ಜುಲೈಯಲ್ಲಿ ಜೀವ ತೆಗೆದದ್ದು ಕೊಡಗಿನಲ್ಲಿ ಆಗಸ್ಟ್‌ನಲ್ಲಿ ಜೀವ ಉಳಿಸಿತು. ಈ ಎರಡರ ನಡುವೆ ಏನಿದೆ ಎಂಬ ಪ್ರಶ್ನೆ ನನ್ನನ್ನು ಇಷ್ಟು ವರ್ಷ ಬಿಟ್ಟಿಲ್ಲ. ಯಾಕೆಂದರೆ ನಮ್ಮ ಗ್ರೂಪೂ ಕೆಟ್ಟಿತು. ನನ್ನ ಕಣ್ಣೆದುರೇ, ನಾನು ಅಡ್ಮಿನ್ ಆಗಿದ್ದಾಗಲೇ ಕೆಟ್ಟಿತು.

ಕೆಟ್ಟದ್ದು ಒಂದು ದಿನದಲ್ಲಿ ಅಲ್ಲ. ಮಳೆ ನಿಂತ ಮೇಲೆ ಗ್ರೂಪ್ ಮುಚ್ಚಲು ಯಾರಿಗೂ ಮನಸ್ಸಾಗಲಿಲ್ಲ. ಬೆಳಗಿನ ಹೂವಿನ ಚಿತ್ರ, ಕಾಫಿ ಚೆರಿ ದರ, ಆನೆ ಹಿಂಡು ತೋಟಕ್ಕೆ ಇಳಿದಿದೆ, ಕೆಲಸದವರನ್ನು ಬೇಗ ಬಿಡಿ ಎಂಬ ಎಚ್ಚರಿಕೆ. ಒಳ್ಳೆಯದೇ. ಒಬ್ಬರು ಇನ್ನೊಬ್ಬರನ್ನು ಸೇರಿಸುತ್ತಾ 38 ಹೋಗಿ 256 ಆಯಿತು. ಆಗ ವಾಟ್ಸ್‌ಆ್ಯಪ್ ಕೊಡುತ್ತಿದ್ದದ್ದೇ ಅಷ್ಟು. 2019ರ ಲೋಕಸಭಾ ಚುನಾವಣೆಗೆ ಪಕ್ಷದ ವಿಡಿಯೊಗಳು ಬಂದವು. ಆಮೇಲೆ ಯಾವ ವಿಷಯ ಬಂದರೂ ಜಗಳ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು, ಪಶ್ಚಿಮಘಟ್ಟದ ಕಸ್ತೂರಿರಂಗನ್ ವರದಿ, ತೋಟದ ಲೈನ್‌ಮನೆಯ ಅಸ್ಸಾಮಿ ಕೆಲಸಗಾರರು, ಯಾರು ಮೂಲನಿವಾಸಿ, ಯಾರು ವಲಸೆ ಬಂದವರು. ಹೋಂಸ್ಟೇ ಕಸ ತೋಡಿಗೆ ಬೀಳುತ್ತಿದೆ ಎಂದು ಬರೆದ ಒಬ್ಬ ಹೆಣ್ಣುಮಗಳಿಗೆ ಕಸದ ಬಗ್ಗೆ ಒಂದೇ ಒಂದು ಉತ್ತರ ಬರಲಿಲ್ಲ. ಅವಳ ನಡತೆಯ ಬಗ್ಗೆ ಹನ್ನೆರಡು ಬಂದವು.

2020ರ ಏಪ್ರಿಲ್, ಲಾಕ್‌ಡೌನ್. ಮುಸ್ಲಿಂ ವ್ಯಾಪಾರಿಗಳು ತರಕಾರಿಗೆ ಉಗುಳುತ್ತಾರೆ ಎಂಬ ಎಲ್ಲಿಯದೋ ವಿಡಿಯೊ ಬಂತು. ಅದರ ಕೆಳಗೆ ಒಬ್ಬ ಹುಡುಗ ಬರೆದ: ‘ಕಾಕನ ಪಿಕಪ್‌ನಲ್ಲಿ ಬರುವ ತರಕಾರಿ ಯಾರೂ ತಗೋಬೇಡಿ.’ ಆರೇಳು ಹೆಬ್ಬೆರಳುಗಳು, ಒಂದೆರಡು ನಗುವ ಮುಖಗಳು ಸಾಲಾಗಿ ಬಂದವು. ಉಳಿದವರು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಈಗ ಏನಾದರೂ ಬರೆದರೆ ಜಗಳ ದೊಡ್ಡದಾಗುತ್ತದೆ, ಬೆಳಗಾಗಲಿ ಎಂದುಕೊಂಡೆ. ಬೆಳಗ್ಗೆ ನೋಡಿದರೆ ಬೂದು ಅಕ್ಷರದಲ್ಲಿ ಒಂದು ಸಾಲು ಇತ್ತು. ಕಾಕ ಗ್ರೂಪ್ ಬಿಟ್ಟಿದ್ದರು. 2018ರಲ್ಲಿ ಯಾರ ಗಾಡಿಯ ಅಕ್ಕಿ ಉಂಡಿದ್ದೆವೋ ಅವರು ಹೋದರು. ಯಾರೂ ಯಾಕೆ ಎಂದು ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಆ ಸಾಲಿನ ಮೇಲೆ ಚೆರಿ ದರ ಬಂತು.

ಹಾಗೆ ಬರೆದ ಹುಡುಗ ನನ್ನ ಹಳೇ ವಿದ್ಯಾರ್ಥಿ. ಕೆಟ್ಟವನಲ್ಲ. ಲಾಕ್‌ಡೌನ್ ಸಡಿಲವಾದ ಮೇಲೆ ಒಂದು ದಿನ ಸಂತೆಯಲ್ಲಿ ಸಿಕ್ಕಿದ. ‘ಟೀಚರ್, ಕೊಡಿ ಇಲ್ಲಿ’ ಎಂದು ಕೈಯಿಂದ ಚೀಲ ತೆಗೆದುಕೊಂಡು ಆಟೋವರೆಗೆ ಬಂದ. ‘ಕಾಕನ ಬಗ್ಗೆ ಹಾಗ್ಯಾಕೆ ಬರೆದೆ ಮಾರಾಯ’ ಎಂದು ಕೇಳಿದೆ. ಮುಖ ಕೆಂಪಾಯಿತು. ‘ಅಯ್ಯೋ, ಅದು ಗ್ರೂಪಲ್ಲಿ ಅಲ್ವಾ ಟೀಚರ್’ ಎಂದ.

ಅದು ಗ್ರೂಪಲ್ಲಿ ಅಲ್ವಾ. ಈ ಒಂದು ಮಾತನ್ನು ಅರ್ಥ ಮಾಡಿಕೊಳ್ಳಲು ನಾನು ತುಂಬ ಓದಿದೆ. ಹೆಸರು ಮರೆಮಾಚಿ ಬರೆಯಬಹುದಾದ್ದರಿಂದ ಜನ ಹೀಗೆ ಬರೆಯುತ್ತಾರೆ ಎಂದು ಬಹಳ ಮಂದಿ ಹೇಳುತ್ತಾರೆ. ನಮ್ಮ ಗ್ರೂಪಿಗೆ ಅದು ಹೊಂದಲಿಲ್ಲ. ಅಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಮನೆ ಯಾವುದು, ಅಜ್ಜ ಯಾರು, ಎಷ್ಟು ಎಕರೆ ತೋಟ ಎಂಬುದೂ ಗೊತ್ತು. ಆದರೂ ಬೈದರು. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ನೋಮ್ ಲಾಪಿಡಾಟ್-ಲೆಫ್ಲರ್ ಮತ್ತು ಅಜಿ ಬರಾಕ್, ಇದನ್ನೇ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಜನರನ್ನು ಇಬ್ಬಿಬ್ಬರಾಗಿ ಮಾಡಿ, ಒಂದು ಇಕ್ಕಟ್ಟಿನ ಪ್ರಶ್ನೆ ಕೊಟ್ಟು ಚಾಟ್‌ನಲ್ಲಿ ವಾದ ಮಾಡಲು ಬಿಟ್ಟರು. ಕೆಲವರಿಗೆ ಎದುರಿನವರ ಹೆಸರು ಗೊತ್ತು, ಕೆಲವರಿಗೆ ಇಲ್ಲ. ಕೆಲವರಿಗೆ ಎದುರಿನವರು ಕಾಣುತ್ತಾರೆ, ಕೆಲವರಿಗೆ ಇಲ್ಲ. ಇನ್ನು ಕೆಲವರಿಗೆ ಕ್ಯಾಮೆರಾ ಮೂಲಕ ಕಣ್ಣಿಗೆ ಕಣ್ಣು ಸೇರುತ್ತದೆ. ಬೈಗುಳ, ಬೆದರಿಕೆಗೆ ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಕಂಡದ್ದು ಕಣ್ಣಿಗೆ ಕಣ್ಣು ಸೇರದೆ ಇರುವುದು. ಹೆಸರು ಗೊತ್ತಿಲ್ಲದಿರುವುದು ಅಷ್ಟು ದೊಡ್ಡ ಕಾರಣವಾಗಿರಲಿಲ್ಲ.

ಅವರು ಪ್ರಯೋಗಶಾಲೆಯಲ್ಲಿ ಅಳೆದದ್ದಕ್ಕೆ ಕನ್ನಡದಲ್ಲಿ ಮೊದಲಿನಿಂದಲೂ ಒಂದು ಪದ ಇದೆ: ಮುಖದಾಕ್ಷಿಣ್ಯ. ಇದನ್ನು ನಾವು ಸ್ವಲ್ಪ ಹಗುರವಾಗಿಯೇ ಆಡುತ್ತೇವೆ, ಸಾಲ ಕೊಟ್ಟವರು, ಇಷ್ಟವಿಲ್ಲದೆ ಮದುವೆಗೆ ಹೋದವರು ಹೇಳುವ ಮಾತು ಎನ್ನುವಂತೆ. ಆದರೆ ಜಮ್ಮಾ ಜಮೀನಿನ ಗಡಿಯ ತಕರಾರಿರುವ ಎರಡು ಮನೆಯವರು ಒಂದೇ ಬಸ್ಸಿನಲ್ಲಿ ಕೂತು ಮಡಿಕೇರಿಗೆ ಹೋಗಿಬರಲು ಸಾಧ್ಯವಾಗಿಸಿರುವುದು ಇದೇ. ನನ್ನ ವಿದ್ಯಾರ್ಥಿಯಲ್ಲಿ ದಾಕ್ಷಿಣ್ಯ ಇಲ್ಲದೆ ಇರಲಿಲ್ಲ. ಸಂತೆಯಲ್ಲಿ ಅದು ಕೆನ್ನೆಗೆ ಬಂತು. ಗ್ರೂಪಿನಲ್ಲಿ ಅದು ಏಳುವುದಕ್ಕೆ ಎದುರಿಗೆ ಮುಖವೇ ಇರಲಿಲ್ಲ.

ಇನ್ನೊಂದು ಸಂಶೋಧನೆಯೂ ನಿಮಗೆ ಗೊತ್ತಿರಬೇಕು. ಅಡ್ಮಿನ್‌ಗಳಿಗೆ ಅದೇ ಹೆಚ್ಚು ಉಪಯೋಗದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ್ದು. ಜನರಿಗೆ ಮೊದಲು ಒಂದು ಪರೀಕ್ಷೆ ಕೊಟ್ಟರು, ಕೆಲವರಿಗೆ ಸುಲಭದ್ದು, ಕೆಲವರಿಗೆ ತಲೆ ಕೆಡಿಸುವಂಥದ್ದು. ಆಮೇಲೆ ಒಂದು ಲೇಖನದ ಕೆಳಗೆ ಅಭಿಪ್ರಾಯ ಬರೆಯಲು ಹೇಳಿದರು. ಕೆಲವರಿಗೆ ಅಲ್ಲಿ ಆಗಲೇ ಸಭ್ಯ ಮಾತುಗಳು ಕಂಡವು, ಕೆಲವರಿಗೆ ಕೊಂಕು, ಬೈಗುಳ. ಮನಸ್ಸು ಸರಿಯಿದ್ದು ಮೇಲಿನ ಮಾತುಗಳೂ ಸಭ್ಯವಾಗಿದ್ದಾಗ ಶೇ 35ರಷ್ಟು ಮಂದಿ ಕೆಟ್ಟದಾಗಿ ಬರೆದರು. ಮನಸ್ಸು ಕೆಟ್ಟಿದ್ದು ಮೇಲಿನ ಮಾತೂ ಕೆಟ್ಟದಾಗಿದ್ದಾಗ ಅದು ಶೇ 68ಕ್ಕೆ ಏರಿತು. ಅವರೆಲ್ಲ ಮಾಮೂಲಿ ಜನ. ನಮ್ಮ ಜಿಲ್ಲೆಯ ಆಷಾಢವನ್ನು ನೆನೆಸಿಕೊಳ್ಳಿ. ಕರೆಂಟ್ ಹೋಗಿ ನಾಲ್ಕು ದಿನ. ಕಾಫಿ ಕಾಯಿ ಉದುರುತ್ತಿದೆ, ಮೆಣಸಿಗೆ ರೋಗ ಬಿದ್ದಿದೆ, ನಾಟಿ ಮಾಡಿದ ಗದ್ದೆಯನ್ನು ಆನೆ ತುಳಿದಿದೆ. ರಾತ್ರಿ ಹನ್ನೊಂದಕ್ಕೆ ಗಂಡಸು ಒಬ್ಬನೇ ಕೂತು ಫೋನ್ ತೆರೆಯುತ್ತಾನೆ. ಮೇಲೆ ಆಗಲೇ ಯಾರೋ ಯಾರನ್ನೋ ಬೈದಿರುವುದು ಕಾಣುತ್ತದೆ. ಅವನ ಮನಸ್ಸನ್ನು ಸರಿ ಮಾಡುವುದು ನಿಮ್ಮ ಕೈಯಲ್ಲಿಲ್ಲ. ಅವನು ಓದುವ ಮೊದಲ ಸಾಲು ನಿಮ್ಮ ಕೈಯಲ್ಲಿದೆ. ಒಂದು ಬೈಗುಳ ಇಡೀ ರಾತ್ರಿ ಅಲ್ಲೇ ಉಳಿದರೆ ಅದು ಆ ರಾತ್ರಿಯ ಮಟ್ಟವಾಗುತ್ತದೆ.

ಕಂಪನಿಗಳನ್ನು ನಾನು ಬಿಡುತ್ತಿಲ್ಲ. ಫೇಸ್‌ಬುಕ್ 2017ರಿಂದ ಕೋಪದ ಮುಖವೂ ಸೇರಿದಂತೆ ಭಾವಚಿಹ್ನೆಗಳಿಗೆ ಒಂದು ಲೈಕಿನ ಐದು ಪಟ್ಟು ತೂಕ ಕೊಟ್ಟು, ಅಂಥ ಪೋಸ್ಟ್‌ಗಳನ್ನು ಹೆಚ್ಚು ಜನರ ಮುಂದೆ ತಳ್ಳುತ್ತಿತ್ತು. ಇದು ನಮಗೆ ತಿಳಿದದ್ದು 2021ರಲ್ಲಿ ಅದರ ಒಳಕಡತಗಳು ಹೊರಬಿದ್ದ ಮೇಲೆ. ಅಷ್ಟರಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ, ಕೋಪದ ತೂಕವನ್ನು ಅವರೇ ಸೊನ್ನೆಗೆ ಇಳಿಸಿದ್ದರು. ಇಷ್ಟು ಕಾಲ ನಮ್ಮ ಸಿಟ್ಟಿಗೆ ಲೈಕಿಗಿಂತ ಹೆಚ್ಚು ಬೆಲೆ ಕಟ್ಟಿದವರಿಗೆ ಏನು ಶಿಕ್ಷೆ ಎಂದು ನಾನಂತೂ ಕೇಳುತ್ತಲೇ ಇರುತ್ತೇನೆ. ಯೇಲ್ ವಿಶ್ವವಿದ್ಯಾಲಯದವರು ಟ್ವಿಟರ್‌ನ 7,331 ಜನರ 1.27 ಕೋಟಿ ಸಂದೇಶಗಳನ್ನು ನೋಡಿ 2021ರಲ್ಲಿ ಬರೆದದ್ದು ಇದಕ್ಕೆ ಸೇರಿಕೊಳ್ಳುತ್ತದೆ. ಸಿಟ್ಟು ತೋರಿಸಿ ಹೆಚ್ಚು ಲೈಕ್ ಪಡೆದವರು ಮುಂದೆ ಇನ್ನೂ ಹೆಚ್ಚು ಸಿಟ್ಟು ತೋರಿಸಿದರು. ಈ ಕಲಿಕೆ ಹೆಚ್ಚು ನಾಟಿದ್ದು ಮಧ್ಯಮ ರಾಜಕೀಯ ನಿಲುವಿನ ಗೆಳೆಯರ ಬಳಗದಲ್ಲಿ ಇದ್ದವರಿಗೆ. ನನ್ನ ವಿದ್ಯಾರ್ಥಿಗೆ ಸಿಕ್ಕ ಆರೇಳು ಹೆಬ್ಬೆರಳು ನನಗೆ ಆಗ ಚಿಕ್ಕದಾಗಿ ಕಂಡಿದ್ದವು. ಈಗ ಹಾಗೆ ಕಾಣುವುದಿಲ್ಲ.

ಆದರೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೇಲೆ ತಳ್ಳುವ, ಕೆಳಗೆ ಇಡುವ ಯಂತ್ರ ಇಲ್ಲ. ಬಂದ ಕ್ರಮದಲ್ಲೇ ಸಂದೇಶ ಕಾಣುತ್ತದೆ. ಅಲ್ಲೂ ಕೆಡುತ್ತದೆ ಎಂದರೆ ಎಲ್ಲವನ್ನೂ ಕಂಪನಿಯ ತಲೆಗೆ ಕಟ್ಟಲಾಗದು. ಅಲ್ಲಿ ಉಳಿಯುವುದು ನಾವು, ಅಡ್ಮಿನ್‌ಗಳು.

ಗ್ರೂಪ್ ದೊಡ್ಡದಾಗುವುದೇ ಕೇಡು ಎಂದು ಕೆಲವರು ಹೇಳುತ್ತಾರೆ. ಅರ್ಧ ನಿಜ. ವಾಟ್ಸ್‌ಆ್ಯಪ್ ಬರುವುದಕ್ಕೆ ಬಹಳ ಮೊದಲು ಯೂಸ್‌ನೆಟ್ ಎಂಬ ಜಾಲ ಇತ್ತು. ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ಸೇರಿದ ಹೊಸ ಹುಡುಗರು ಅಲ್ಲಿಗೆ ನುಗ್ಗುತ್ತಿದ್ದರು, ಗಲಾಟೆ ಮಾಡುತ್ತಿದ್ದರು, ಹಳಬರು ಒಂದೆರಡು ತಿಂಗಳಲ್ಲಿ ಅವರಿಗೆ ಅಲ್ಲಿನ ರೀತಿ ಕಲಿಸುತ್ತಿದ್ದರು. ಆಮೇಲೆ ಇಂಟರ್ನೆಟ್ ಎಲ್ಲರಿಗೂ ತೆರೆದು ಜನ ವರ್ಷವಿಡೀ ಬರತೊಡಗಿದರು. ಕಲಿಸುವ ಕೈಗಳು ಸಾಲಲಿಲ್ಲ. 1993ರ ಸೆಪ್ಟೆಂಬರ್ ಮುಗಿಯಲೇ ಇಲ್ಲ ಎಂದು ಹಳಬರು ಇಂದಿಗೂ ಹೇಳುತ್ತಾರೆ. ನಮ್ಮ 38 ಜನ 256 ಆದಾಗ ಆದದ್ದೂ ಇದೇ. ಮಳೆಯಲ್ಲಿ ಒಟ್ಟಿಗೆ ನೆಂದವರ ಮಾತಿನ ರೀತಿಯನ್ನು ಆಮೇಲೆ ಬಂದವರಿಗೆ ಯಾರೂ ಹೇಳಿಕೊಡಲಿಲ್ಲ. ಅವರ ತಪ್ಪಲ್ಲ ಅದು. ಈಗ ಒಂದು ಗ್ರೂಪಿಗೆ 1,024 ಜನರನ್ನು ಸೇರಿಸಬಹುದು, ನಮ್ಮ ಎಷ್ಟೋ ಊರುಗಳಲ್ಲಿ ಅಷ್ಟು ಮತದಾರರಿಲ್ಲ.

ಉಳಿದ ಅರ್ಧಕ್ಕೆ ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನೋಡಿ. 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾದದ್ದು 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡವಾಯಿತು. ಆರು ಪಟ್ಟು. ಹಾಕಿ ಶಾಂತ ಆಟವಲ್ಲ, ಎಲ್ಲರ ಕೈಯಲ್ಲೂ ಕೋಲಿರುತ್ತದೆ, ಎದುರು ನಿಂತವರು ಭಾವನೋ ಬೀಗನೋ ಆಗಿರುತ್ತಾರೆ. ಆದರೂ ಹಬ್ಬ ಉಳಿದಿದೆ. ಮೈದಾನದಲ್ಲಿ ಅಂಪೈರ್ ಇರುತ್ತಾರೆ. ಹಾಕಿಯಲ್ಲಿ ಹಸಿರು ಕಾರ್ಡ್ ತೋರಿಸಿದರೆ ಎರಡು ನಿಮಿಷ ಹೊರಗೆ, ಹಳದಿಗೆ ಕನಿಷ್ಠ ಐದು ನಿಮಿಷ, ಕೆಂಪಾದರೆ ಆಟ ಮುಗಿಯಿತು. ಎರಡು ನಿಮಿಷ ಹೊರಗೆ ಕೂತವನಿಗೆ ಅವಮಾನವಾಗುವುದಿಲ್ಲ, ಉಸಿರು ತಿರುಗುತ್ತದೆ, ಮತ್ತೆ ಒಳಗೆ ಬರುತ್ತಾನೆ. ನಮ್ಮ ಗ್ರೂಪುಗಳಲ್ಲಿ ಹಸಿರೂ ಇಲ್ಲ, ಹಳದಿಯೂ ಇಲ್ಲ. ಎಷ್ಟೇ ಬೈದರೂ ಸುಮ್ಮನಿರುವುದು, ಮಿತಿ ಮೀರಿದಾಗ ನೇರ ಕಿತ್ತು ಹಾಕುವುದು. ಕಿತ್ತು ಹಾಕಿಸಿಕೊಂಡವನು ಮರುದಿನವೇ ತನ್ನದೊಂದು ಗ್ರೂಪ್ ಮಾಡುತ್ತಾನೆ, ಅದು ಇನ್ನೂ ಕೆಟ್ಟದಾಗಿರುತ್ತದೆ.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಮಾತು ಮಿತಿ ಮೀರಿತು ಎಂದು ಕಂಡರೆ ಆ ಸಂದೇಶವನ್ನು ಅಳಿಸಿ. 2022ರಿಂದ ಅಡ್ಮಿನ್‌ಗೆ ಆ ಅನುಕೂಲವಿದೆ. ಅಳಿಸಿದ ಮೇಲೆ ಬರೆದವರಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನ್. ದನಿ ಕೇಳಿದರೆ ಮುಖ ಅರ್ಧ ಕಂಡಂತೆ. ಎಲ್ಲರೆದುರು ಬುದ್ಧಿ ಹೇಳಿದರೆ ಮರ್ಯಾದೆಯ ಪ್ರಶ್ನೆಯಾಗಿ ಅವರು ಹಿಂದೆ ಸರಿಯುವುದಿಲ್ಲ, ನಾನು ಮಾಡಿ ಕೆಟ್ಟಿದ್ದೇನೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿಡಿ, ತುರ್ತಿದ್ದರೆ ಜನ ನಿಮಗೆ ಕರೆ ಮಾಡುತ್ತಾರೆ. ಆದರೆ ಹಗಲೂ ಹಾಗೇ ಇಡಬೇಡಿ, ಬಾಯಿ ಮುಚ್ಚಿಸಿದ ಗ್ರೂಪ್ ಬರೀ ನೋಟಿಸ್ ಬೋರ್ಡು. ಇಡೀ ಗ್ರೂಪಿಗೆ ಒಂದೇ ಜಾತಿಯ ಮೂವರು ಗಂಡಸರು ಅಡ್ಮಿನ್ ಆಗಿದ್ದರೆ ಕಣ್ಣು ಮೂರಲ್ಲ, ಒಂದೇ. ಒಬ್ಬ ಹೆಂಗಸು, ಬೇರೆ ಸಮುದಾಯದ ಒಬ್ಬರು ಇರಲಿ. ಹೋಂಸ್ಟೇ ಕಸದ ಬಗ್ಗೆ ಬರೆದ ಹುಡುಗಿಗೆ ಬಂದ ಹನ್ನೆರಡು ಉತ್ತರ ನಮ್ಮ ಗಂಡಸು ಅಡ್ಮಿನ್‌ಗೆ ‘ತಮಾಷೆ’ಯಾಗಿ ಕಂಡಿದ್ದವು.

ಮಳೆಗಾಲಕ್ಕೆ ಇನ್ನೊಂದು. ಗುಡ್ಡ ಕುಸಿಯಿತು, ನೀರು ಬಂತು ಎಂದು ಬರೆಯುವವರು ಎಲ್ಲಿ, ಎಷ್ಟು ಗಂಟೆಗೆ, ಕಣ್ಣಾರೆ ಕಂಡವರು ಯಾರು ಎಂಬ ಮೂರನ್ನೂ ಬರೆಯಲಿ. ಇಲ್ಲದಿದ್ದರೆ ಅಳಿಸಿ. ಅಣೆಕಟ್ಟು ಒಡೆಯಿತಂತೆ ಎಂಬ ಒಂದು ಧ್ವನಿ ಸಂದೇಶಕ್ಕೆ ಹೆದರಿ ಕೈಕೂಸುಗಳನ್ನು ಎತ್ತಿಕೊಂಡು ಕತ್ತಲಲ್ಲಿ ಗುಡ್ಡ ಹತ್ತಿದವರನ್ನು ನಾನು ಕಂಡಿದ್ದೇನೆ. ಗಾಳಿಸುದ್ದಿ ಹಬ್ಬಿದರೆ ನಮ್ಮ ಪೇಟೆ ಎಲ್ಲಿಗೆ ಹೋಗಿ ಮುಟ್ಟಬಲ್ಲದು ಎಂಬುದನ್ನು 2015ರ ನವೆಂಬರ್‌ನ ಟಿಪ್ಪು ಜಯಂತಿ ಗಲಭೆಯ ಮಡಿಕೇರಿಯನ್ನು ಕಂಡವರಿಗೆ ನಾನು ಹೇಳಬೇಕಾಗಿಲ್ಲ.

‘ನಮಗ್ಯಾಕೆ ಉಸಾಬರಿ, ನಾಳೆ ಪೊಲೀಸ್ ಬಂದರೆ?’ ಎಂದು ನನ್ನ ಪರಿಚಯದ ಹಲವು ಅಡ್ಮಿನ್‌ಗಳು ಕೇಳಿದ್ದಾರೆ. ಸದಸ್ಯರು ಹಾಕಿದ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಅದಕ್ಕೆ ಮುಂಚೆ ಬಾಂಬೆ ಹೈಕೋರ್ಟ್ ಕೂಡ ಹಾಗೇ ಹೇಳಿತ್ತು. ಕಾನೂನಿನ ಭಯಕ್ಕಾಗಿ ಮಾಡಿ ಎಂದು ನಾನು ಕೇಳುತ್ತಿಲ್ಲ. ಊರ ಹೆಸರಿನಲ್ಲಿ ಜನರನ್ನು ಒಂದು ಕಡೆ ಕೂಡಿಸಿದವರು ನೀವು. ಮನೆಗೆ ಕರೆದವರಲ್ಲಿ ಒಬ್ಬರು ಇನ್ನೊಬ್ಬರನ್ನು ಅವಮಾನಿಸಿದರೆ ಮನೆಯವರು ಏಳಬೇಕಲ್ಲವೇ? ‘ಎಲ್ಲರಿಗೂ ಮಾತಾಡುವ ಹಕ್ಕಿದೆ’ ಎಂದೂ ಹೇಳುತ್ತಾರೆ. ಇದೆ. ನಮ್ಮ ಗ್ರೂಪಿನಲ್ಲಿ ಹತ್ತು ಜನ ಆ ಹಕ್ಕನ್ನು ಚೆನ್ನಾಗಿ ಬಳಸಿದರು. ಅವರ ಬಾಯಿಗೆ ಹೆದರಿ ಇನ್ನೂರು ಜನ ಬಳಸುವುದನ್ನು ಬಿಟ್ಟರು.

ಮೊದಲೆಲ್ಲ ಯಾರಾದರೂ ಗ್ರೂಪ್ ಬಿಟ್ಟರೆ ಎಲ್ಲರಿಗೂ ಕಾಣುತ್ತಿತ್ತು. 2022ರಲ್ಲಿ ಅದು ಬದಲಾಯಿತು. ಈಗ ಬಿಟ್ಟುಹೋದವರ ಸೂಚನೆ ಅಡ್ಮಿನ್‌ಗೆ ಮಾತ್ರ ಬರುತ್ತದೆ. ಹೋಗುವವರ ಮುಜುಗರ ತಪ್ಪಿತು, ಒಳ್ಳೆಯದೇ. ಆದರೆ ಕಿರುಚುವವರು ಹೋಗುವುದಿಲ್ಲ, ಸದ್ದಿಲ್ಲದೆ ಹೋಗುವವರು ಬೇರೆ ಥರದವರು. ಒಬ್ಬೊಬ್ಬರು ಹೋದ ಹಾಗೆ ಉಳಿದವರ ಸರಾಸರಿ ಇನ್ನಷ್ಟು ಕೆಡುತ್ತದೆ. ಅದರ ಸೂಚನೆ ಅಡ್ಮಿನ್‌ಗಳಾದ ನಿಮ್ಮ ಫೋನಿಗಷ್ಟೇ ಬರುತ್ತದೆ. ಈ ವಾರ ಬಿಟ್ಟುಹೋದವರ ಪಟ್ಟಿ ತೆರೆದು ನೋಡಿ, ಅದರಲ್ಲಿ ಒಬ್ಬರಿಗಾದರೂ ಕರೆ ಮಾಡಿ, ಯಾಕೆ ಹೋದಿರಿ ಎಂದು ಕೇಳಿ.

ನಾನು ಕೇಳಿದ್ದು ತಡವಾಗಿ, ಬಹಳ ತಡವಾಗಿ. ಕಳೆದ ತಿಂಗಳು ಕಾಕನ ಮನೆಗೆ ಹೋದೆ. ಪಿಕಪ್ ಮಾರಿದ್ದಾರೆ, ಮಗ ಗಾಡಿ ಓಡಿಸುತ್ತಾನೆ. ಕಟ್ಟನ್ ಚಾಯ ತಂದುಕೊಟ್ಟರು. ಕ್ಷಮೆ ಕೇಳಿದೆ. ಅವರು ತುಂಬ ಹೊತ್ತು ಲೋಟ ನೋಡುತ್ತಾ ಕೂತರು. ಆಮೇಲೆ ಹೇಳಿದರು: ‘ಟೀಚರೇ, ಆ ಹುಡುಗನ ಮೇಲೆ ನನಗೆ ಬೇಜಾರಿಲ್ಲ, ಹುಡುಗ. ಬೆಳಗಿನವರೆಗೆ ಫೋನ್ ಹಿಡಿದು ಕೂತಿದ್ದೆ. ಅಷ್ಟು ಜನರಲ್ಲಿ ಒಬ್ಬರಾದರೂ ಏನಾದರೂ ಬರೆಯುತ್ತಾರೆ ಅಂತ.’

ಮತ್ತೆ ಸೇರಿಸಲೇ ಎಂದು ಕೇಳಿದೆ. ತಲೆ ಅಲ್ಲಾಡಿಸಿದರು. ಗೇಟಿನವರೆಗೆ ಬಂದು, ‘ಗ್ರೂಪ್ ಬೇಡ ಟೀಚರೇ. ನಂಬರ್ ಅದೇ ಇದೆ. ಮಳೆಗೆ ರಸ್ತೆ ಹೋದರೆ ಫೋನ್ ಮಾಡಿ, ಮಗನನ್ನು ಕಳಿಸುತ್ತೇನೆ’ ಎಂದರು.

ಇಂತಿ,
ಸುಂಟಿಕೊಪ್ಪದ ಒಬ್ಬ ನಿವೃತ್ತ ಶಿಕ್ಷಕಿ